ಜವರಣ್ಣ ಭಾವನ ಧ್ರುವದ ಬೆರಳು

ಕಿಟಕಿ ಪಕ್ಕ ನೀವೇ ಕೂತ್ಕಳಿ ಸಾರ್, ನಂಗೆ ಬ್ಯಾಡ. ಆ ವಡೆ ಪೊಟ್ಣ ನಮ್ಮಿಬ್ರ ಮಧ್ಯ ಇಡಿ, ಬೀಳ್ದಂಗಿರ್ತದೆ. ರೈಲು ಮೈಸೂರು ಮುಟ್ಟೋದ್ರೊಳಗೆ ಒಂದು ಇಷ್ಯ ಹೇಳ್ತೀನಿ. ಕತೆ ಅನ್ಕಬ್ಯಾಡಿ, ನಡ್ದಿರೋದು. ಇದ್ರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ರೆ ನಾನು ಈ ಕೈಯಲ್ಲಿ ಬೇಯ್ಸಿರೋ ಸಕ್ಕರೆಯೆಲ್ಲಾ ಉಪ್ಪಾಗೋಗ್ಲಿ. ಇಪ್ಪತ್ತೊಂಬತ್ತು ವರ್ಷ ಬೇಯ್ಸಿವ್ನಿ, ಅರ್ಧ ಜಿಲ್ಲೆ ಕಾಫಿ ಉಪ್ಪಾಯ್ತದೆ. ಅಷ್ಟು ದೊಡ್ಡ ಆಣೆ ಯಾರಾನಾ ಸುಮ್ನೆ ಇಡ್ತಾರಾ?

ನನ್ನ ಹೆಸ್ರು ಪುಟ್ಟಮಾದ. ಓದಿದ್ದು ನಾಕ್ನೇ ಕ್ಲಾಸು, ಅದೂ ಮೇಷ್ಟ್ರು ಒಳ್ಳೇವ್ರಾಗಿದ್ದಕ್ಕೆ. ಸಕ್ಕರೆ ಫ್ಯಾಕ್ಟ್ರೀಲಿ ಕಬ್ಬಿನ ಹಾಲು ಕುದ್ಸಿ ಹರಳು ಕಟ್ಸೋದು ನನ್ ಕೆಲ್ಸ. ನಮ್ಮ ಮಂಡ್ಯ ಕಡೆಯೋರು ಈ ಕೆಲ್ಸಕ್ಕೆ ಎಲ್ಲೆಲ್ಲಿಗೋ ಹೋಯ್ತಾರೆ. ನಾವು ಹೋಗಿದ್ದು ಆಫ್ರಿಕಾದಲ್ಲಿ ಜಾಂಬಿಯಾ ಅನ್ನೋ ದೇಸಕ್ಕೆ. ನಾವು ಅಂದ್ರೆ ನಾನು, ನಮ್ಮಕ್ಕ ದ್ಯಾವಮ್ಮ, ಅಕ್ಕನ ಗಂಡ ಜವರಣ್ಣ ಭಾವ, ಅವರ ಮಗಳು. ಭಾವ ಅದೇ ಫ್ಯಾಕ್ಟ್ರೀಲಿ ಗೇಜು, ಮೀಟರು ರಿಪೇರಿ ಮಾಡೋ ಮೆಕಾನಿಕ್ಕು. ಭಾರಿ ತಲೆ ಸಾರ್, ಆದ್ರೆ ಕೈ ಸುಮ್ನಿರಾಕಿಲ್ಲ. ಹಿಂದಿನ ವರ್ಷ ಮುದ್ದೆ ಕಟ್ಟೋ ಮಿಷಿನ್ನು ಮಾಡಿದ್ದ. ಅದು ಮುದ್ದೇನ ಕ್ಯಾಂಟೀನ್ ಗೋಡೆಗೆ ಹೊಡೀತು. ಗೋಡೆ ಬಿರುಕು ಬುಡ್ತು. ಮುದ್ದೆಗೇನೂ ಆಗ್ಲಿಲ್ಲ.

ಭಾವನ ಮಗಳು ಚಂದ್ರಕಲಾಗೆ ಅಲ್ಲೇ ಗಂಡು ಗೊತ್ತಾಯ್ತು. ಶಿವನಂಜ ಅಂತ, ನಮ್ಮ ಫ್ಯಾಕ್ಟ್ರಿ ಲ್ಯಾಬಿನ ಹುಡ್ಗ, ಪಾಂಡವಪುರದ ಕಡೆಯೋನು. ಇಬ್ರೂ ಮೊದ್ಲೇ ಮೆಚ್ಕಂಡಿದ್ರು, ನಮಗೆ ಹೇಳಿದ್ದು ಆಮೇಲೆ. ಶಿವನಂಜಂಗೆ ಅಪ್ಪ ಅವ್ವ ಇಲ್ಲ. ಸಾಕಿದ್ದು ಅವರಜ್ಜಿ ನಿಂಗಾಜಮ್ಮ. ಎಂಬತ್ತರ ಮುದುಕಿ, ಒಂದು ಚೀಲ ರಾಗಿ ಹಿಟ್ಟು ತಬ್ಕಂಡು ಎರಡು ವಿಮಾನ ಬದ್ಲಾಯ್ಸಿ ಮದ್ವೆಗೆ ಬಂದ್ಬುಡ್ತು.

ಬಂದ ದಿನ ಸಂಜೆ, ಕ್ವಾರ್ಟರ್ಸ್ ಅಂಗ್ಳದಲ್ಲಿ ನಿಂತ್ಕಂಡು ಆಕಾಶನ ಒಂದು ಸುತ್ತು ನೋಡ್ತು. ಇನ್ನೊಂದು ಸುತ್ತು ನೋಡ್ತು.

"ಬಡಗ್ಲು ಯಾವ್ದಲಾ ಮಾದ?"

ನಾನು ತೋರ್ಸ್ದೆ.

"ಮತ್ತೆ ಧ್ರುವ ಎಲ್ಲಿ?"

ಭಾವ ಮುಂದೆ ಬಂದು ವಿವರಿಸ್ದ. "ಭೂಮಿ ಉಂಡೆ ನೋಡಜ್ಜಿ. ನಾವೀಗ ಉಂಡೆ ಕೆಳಗಡೆ ಭಾಗಕ್ಕೆ ಬಂದೀವಿ. ಧ್ರುವ ಆ ಕಡೆ ಮರೆಯಾಗವ್ನೆ. ಇಲ್ಲಿ ಯಾವತ್ತೂ ಕಾಣಾಕಿಲ್ಲ."

"ಕಾಣಾಕಿಲ್ವಾ? ಮತ್ತೆ ಮದ್ವೆ ಹೆಂಗೆ?"

ಅಜ್ಜಿ ಮನೆ ಪದ್ಧತಿ ಏನಪ್ಪಾ ಅಂದ್ರೆ, ಬೆಳಿಗ್ಗೆ ತಾಳಿ ಕಟ್ಟಿದ್ರೆ ಅರ್ಧ ಮದ್ವೆ. ಸಂಜೆ ಗಂಡು ಹೆಣ್ಣಿಗೆ ಧ್ರುವ ತೋರ್ಸಿ, 'ಇವ್ನಂಗೆ ಅಲ್ಲಾಡ್ದಂಗಿರಿ' ಅಂತ ಹೇಳಿ, ಒಂದೇ ಎಲೇಲಿ ಇಬ್ರೂ ಉಂಡ್ರೆ ಮಿಕ್ಕರ್ಧ. ಅಲ್ಲೀಗಂಟ ಅಜ್ಜಿನೂ ಉಣ್ಣಾಕಿಲ್ಲ. ಆ ದೇಸದ ರಾಜಧಾನಿ ಲುಸಾಕದಲ್ಲಿರೋ ನಮ್ಮೋರ ಗುಡಿ ಪೂಜಾರಪ್ಪಂಗೆ ಫೋನ್ ಮಾಡಿ ಕೇಳಿದ್ವಿ. ಆವಪ್ಪ, "ಇದಾನೆ ಅನ್ಕೊಂಡು ಕೈ ಮುಗೀರಿ, ಸಾಕು" ಅಂದ.

ಅಜ್ಜಿ ಫೋನು ಕಿತ್ಕಂಡು ಕಟ್ ಮಾಡ್ತು. ಜೋರು ಮಾತೇನಿಲ್ಲ, ಮೆಲ್ಲಗೇ ಹೇಳ್ತು. "ನನ್ ಮದ್ವೆ ದಿನ ಮೋಡ ಆಗಿತ್ತು. ಇದ್ದಂಗೆ ಅನ್ಕೊಮ್ಮಿ ಅಂದ್ರು. ಅನ್ಕಂಡೆ. ಮೂರು ವರ್ಷಕ್ಕೆ ಆವಪ್ಪ ಹೊಂಟೋದ. ನನ್ ಮಗನ ಮದ್ವೇಲಿ ಮಳೆ. ಆವತ್ತೂ ಅನ್ಕಂಡ್ವಿ. ಅವನೂ ಇಲ್ಲ, ಅವನ ಹೆಂಡ್ತಿನೂ ಇಲ್ಲ. ಇನ್ನು ಅನ್ಕೊಳ್ಳೋ ಬಾಬ್ತು ಬ್ಯಾಡ. ಕಣ್ಣಿಗೆ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಮದ್ವೆ ಮುಗ್ದ ಸೋಮವಾರದ ವಿಮಾನಕ್ಕೆ ಮೊಮ್ಮಗ ನನ್ ಜೊತೆ."

ಶಿವನಂಜ ಬಾಯಿ ತೆಗ್ದ. ಅಜ್ಜಿ ಒಂದು ಸಲ ನೋಡ್ತು. ಮುಚ್ಕಂಡ. ಒಳಗಡೆ ಚಂದ್ರಕಲಾ ಪಾತ್ರೆ ತೊಳೀತಾ ಇದ್ದೋಳು ನಲ್ಲಿ ನಿಲ್ಸುದ್ಲು.

ಭಾವ ಸೋಲೋ ಆಸಾಮಿ ಅಲ್ಲ. "ಈ ಕಡೆಗೂ ಒಂದು ಧ್ರುವ ಐತೆ ಅಜ್ಜಿ, ತೆಂಕ್ಲಲ್ಲಿ" ಅಂದ. ಒಂದು ಜಲ್ಲೆ ಕಬ್ಬು ತಂದ. "ಅಲ್ಲಿ ನೋಡು, ಗಾಳಿಪಟದಂಗೆ ನಾಕು ಚುಕ್ಕಿ. ಅದು ತ್ರಿಶಂಕು. ಅದ್ರ ತಲೆಯಿಂದ ಕಾಲಿಗೆ ಒಂದು ಗೆಣ್ಣು ಸರಿಯಾಗಿ ಮುಚ್ಚಂಗೆ ಕಬ್ಬು ದೂರ ಹಿಡೀಬೇಕು. ಕಾಲಿಂದ ಕೆಳಕ್ಕೆ ಅಂಥವೇ ನಾಕೂವರೆ ಗೆಣ್ಣು ಎಣುಸ್ಕಂಡು ಬಾ. ಬಂದ್ಯಾ? ಅದೇ ಜಾಗ. ಎಲ್ಲಾ ಚುಕ್ಕಿನೂ ಅದನ್ನೇ ಸುತ್ತೋದು."

ಅಜ್ಜಿ ಒಂದು ಕಣ್ಣು ಮುಚ್ಚಿ ಎಣುಸ್ತು. "ಇಲ್ಲಿ ಏನೂ ಇಲ್ವಲ್ಲಪ್ಪ."

"ಏನೂ ಇಲ್ಲ. ಬೆಳಗೋ ಚುಕ್ಕಿ ಇಲ್ಲ, ಖಾಲಿ ಜಾಗ. ಅದೇ ಅದ್ರ ವಿಶೇಷ."

"ಕಣದಲ್ಲಿ ಎತ್ತು ಸುತ್ತುಬೇಕು ಅಂದ್ರೆ ನಡುವೆ ಮೇಟಿಕಂಬ ನೆಟ್ಟಿರ್ತಾರೆ. ಇದು ಮೇಟಿ ಇಲ್ದಿರೋ ಕಣ. ಖಾಲಿ ಜಾಗ ತೋರ್ಸಿ ಹೆಣ್ಣು ಕೊಡೋ ಮಾವನ್ನ ನಾನಿವತ್ತೇ ನೋಡಿದ್ದು." ಕಬ್ಬು ಮುರ್ದು ಒಂದು ಗೆಣ್ಣು ಬಾಯ್ಗಿಟ್ಕಂಡು ಒಳಕ್ಕೋಯ್ತು.

ಅವತ್ತಿಂದ ಹತ್ತು ದಿನ ಭಾವ ಗ್ಯಾರೇಜಿಂದ ಈಚೆಗೆ ಬರ್ಲಿಲ್ಲ.

ಹನ್ನೊಂದ್ನೇ ದಿನ ಭಾನ್ವಾರ, ಹಿತ್ಲಲ್ಲಿ ಸೌದೆ ಒಲೆ ಪಕ್ಕ ತಂದು ನಿಲ್ಸ್ದ. ಮೂರು ಕಾಲಿನ ಸ್ಟ್ಯಾಂಡು, ಅದ್ರ ಮೇಲೆ ಗೇಟಿನ ಕ್ಯಾಮ್ರಾ, ಒಂದು ಹಳೇ ಮೋಟ್ರು, ತಾಮ್ರದ ಸುರುಳಿ. ತುದೀಲಿ ಆಳುದ್ದ ಅಲ್ಯೂಮಿನಿಯಂ ಕೋಲು, ಅದಕ್ಕೆ ತೋರುಬೆರಳಿನ ಆಕಾರ. ಉಗುರೂ ಮಾಡಿದ್ದ.

"ಇದು ಧ್ರುವದ ಬೆರಳು" ಅಂದ. "ಎರಡು ಗುಂಡಿ. ಒಂದು 'ಹುಡುಕು'. ಸುತ್ತಮುತ್ತ ಎಲ್ಲಾನೂ ನೋಡಿ, ಯಾವ್ದು ಅಲ್ಲಾಡ್ದೆ ನಿಂತೈತೋ ಅದಕ್ಕೆ ಬೆರಳು ಮಾಡ್ತದೆ."

"ಇನ್ನೊಂದು?"

"'ಹಿಡಿ'. ಖಾಲಿ ಜಾಗ ನೋಡು, ಜಾರ್ಬಾರ್ದಲ್ಲ. ಸುರುಳಿಯಿಂದ ಒಂಥರಾ ಶಕ್ತಿ ಬತ್ತದೆ, ಬೆರಳು ತೋರಿಸಿದ್ದನ್ನ ಅಲ್ಲಾಡ್ದಂಗೆ ಹಿಡ್ಕತದೆ. ಹಿಡ್ಕಂಡ ಮೇಲೆ ಅಲ್ಲೊಂದು ಹಸ್ರು ಲೈಟು ಬುಡ್ತೀನಿ. ಹೊಗೆ ಮಂಜೆಲ್ಲಾ ಸೀಳ್ಕಂಡೋಗಿ ನೋಡೋರ ಕಣ್ಣಿಗೆ ಚುಕ್ಕಿ ಆಯ್ತದೆ."

ಅಕ್ಕ ಒಲೆ ಮೇಲಿನ ಪಾತ್ರೇಲಿ ಸಾರು ತಿರುವ್ತಾ ಇದ್ದೋಳು, "ಅಲ್ಲಾ ಕಣೀ, ಹಗಲೊತ್ತಲ್ಲಿ ಚುಕ್ಕಿ ಎಲ್ಲೈತೆ?" ಅಂದ್ಲು.

"ಟ್ರಯಲ್ಲು ಕಣೆ" ಅಂದ ಭಾವ. ಗುಂಡಿ ಒತ್ತಿದ.

ಬೆರಳು ಗರ್ರ್ ಅಂತ ಸುತ್ತುತು. ಕೋಳಿ ಓಡಾಡ್ತಾವೆ, ಬ್ಯಾಡ. ಒಣಗಾಕಿದ ಸೀರೆ ಅಲ್ಲಾಡ್ತದೆ, ಬ್ಯಾಡ. ನಾನು ಕೆರ್ಕತಾ ಇದ್ದೆ, ನಾನೂ ಬ್ಯಾಡ. ಕೊನೇಗೆ ಅಕ್ಕ ಸೌಟು ತೆಗೆದ ಹೊತ್ತಿಗೆ ಸಾರಿನ ಪಾತ್ರೆ ಮುಂದೆ ನಿಂತ್ಕಂತು. ಟಿಂಗ್ ಅಂತು. ಭಾವ 'ಹಿಡಿ' ಒತ್ತೇಬುಟ್ಟ.

ಪಾತ್ರೆ ಒಲೆ ಮೇಲಿಂದ ಮೆಲ್ಲಗೆ ಜರುಗ್ತು. ನೆಲ ಮುಟ್ಲಿಲ್ಲ ಸಾರ್. ಗಾಳೀಲಿ ಹಂಗೇ, ಒಂದು ತೊಟ್ಟು ತುಳುಕ್ದಂಗೆ ಪಡುವ್ಲು ಕಡೆ ಹೊಂಟ್ತು. ನಾನು, ಭಾವ, ಶಿವನಂಜ ಮೂರೂ ಜನ ಹಿಡ್ಕಂಡು ಎಳುದ್ವಿ. ನಮ್ಮನ್ನೂ ಸೇರ್ಸ್ಕಂಡು ಹೋಯ್ತು. ಹಿತ್ಲು ಗೋಡೆಗೆ ಹೋಗಿ, ಗೋಡೇಲಿ ಗುಂಡಗೆ ಒಂದು ತೂತು ಮಾಡಿ ಆಚೆ ಕಡೆ ನಿಂತ್ತು. ಅಷ್ಟೊತ್ತಿಗೆ ಅಕ್ಕ ವೈರು ಕಿತ್ತಿದ್ಲು.

"ನಿಮ್ಮ ಪಾತ್ರೆ ಗೋಡೆ ಒಡೆದಾಕ್ತು" ಅಂದ್ಲು ಅಕ್ಕ.

ಭಾವ ತೂತ್ನಲ್ಲಿ ತಲೆ ತೂರ್ಸಿ ನೋಡ್ದ. ಮುಖದಲ್ಲಿ ಒಳ್ಳೆ ಸಂತೋಸ. "ಪಾತ್ರೆ ಎಲ್ಲೂ ಹೋಗಿಲ್ಲ ಕಣೆ. ನಿಂತಿದ್ದ ಕಡೇನೇ ನಿಂತೈತೆ. ಭೂಮಿ ಪಡುವ್ಲಿಂದ ಮೂಡ್ಲಿಗೆ ಸುತ್ತುತದಲ್ಲ, ಗೋಡೇನೇ ಬಂದು ಪಾತ್ರೆಗೆ ಗುದ್ದಿರೋದು."

"ಸರಿ, ಆ ಗೋಡೇಗೆ ನೀವೇ ಬುದ್ಧಿ ಹೇಳಿ. ನಾಳೆ ಇಟ್ಟಿಗೆ ತರೋದೂ ನೀವೇ."

"ಬೆಲ್ಟು ಸಡ್ಲ ಐತೆ, ಅದಕ್ಕೇ ಇಷ್ಟು ನಿಧಾನ" ಅಂತ ನನ್ ಕಿವೀಲಿ ಹೇಳ್ದ ಭಾವ. "ಬಿಗಿಯಾಗಿದ್ದಿದ್ರೆ ಒಂದು ಗಂಟೆಗೆ ಸಾವಿರ ಮೈಲಿ."

"ಬಿಗಿ ಮಾಡ್ಬ್ಯಾಡ ಭಾವ" ಅಂದೆ.

ಎರಡ್ನೇ ಟ್ರಯಲ್ಲು ಫ್ಯಾಕ್ಟ್ರೀಲಿ. ಅಲ್ಲಿ ಎಲ್ಲಾ ಸುತ್ತೋದೇ. ರೋಲರು, ಬೆಲ್ಟು, ಸಕ್ಕರೆ ಬೇರೆ ಮಾಡೋ ಬುಗುರಿ ಮಿಷಿನ್ನು. ಇಷ್ಟೆಲ್ಲಾ ತಿರುಗೋ ಮಧ್ಯೆ ನಿಂತಿರೋದು ಏನೂ ಸಿಗಾಕಿಲ್ಲ, ಆಗ ಬೆರಳು ಆಕಾಶಕ್ಕೇ ಹೋಯ್ತದೆ ಅನ್ನೋದು ಭಾವನ ಲೆಕ್ಕ. ಬೆರಳು ಎಲ್ಲಾ ನೋಡ್ತು. ಆಮೇಲೆ ಪ್ಯಾನೆಲ್ಲಿನ ಹಿಂದ್ಗಡೆ ಕುರ್ಚೀಲಿ ನಿದ್ದೆ ಹೊಡೀತಾ ಇದ್ದ ಶಿಫ್ಟ್ ಇನ್‌ಚಾರ್ಜ್ ತ್ಯಾಗರಾಜ್ ಸಾಹೇಬ್ರ ಮೂಗಿನ ಮುಂದೆ ನಿಂತ್ಕಂಡು ಟಿಂಗ್ ಅಂತು. ಮರೇಲಿದ್ದೋರು ಭಾವಂಗೆ ಕಾಣ್ಲಿಲ್ಲ, 'ಹಿಡಿ' ಒತ್ತಿದ.

ಸಾಹೇಬ್ರು ಕುರ್ಚಿ ಸಮೇತ ಬಾಗ್ಲು ದಾಟಿ, ಕಬ್ಬಿನ ಲಾರಿ ಸಾಲಿನ ಮಧ್ಯದಲ್ಲಿ, ಮ್ಯಾನೇಜ್ರ ಕಿಟಕಿ ಮುಂದೇನೇ ಗೊರಕೆ ಹೊಡ್ಕಂಡು ಹೋದ್ರು. ಮ್ಯಾನೇಜ್ರು ಈಚೆಗೆ ಬಂದು ಎಬ್ಬುಸುದ್ರೆ, "ಸರ್, ನಾನು ನನ್ ಜಾಗ ಬಿಟ್ಟು ಒಂದು ಹೆಜ್ಜೆ ಹೋಗಿಲ್ಲ" ಅಂದ್ರು. ಭಾವ ಪಕ್ಕದಲ್ಲೇ ಇದ್ದ. "ಅದು ನಿಜ ಸರ್" ಅಂದ. ಇಬ್ರಿಗೂ ಮೆಮೊ ಬಂತು.

ಅಷ್ಟೊತ್ತಿಗೆ ಮದ್ವೆ ದಿನ ಬಂದೇಬುಡ್ತು.

ಬೆಳಿಗ್ಗೆ ತಾಳಿ ಆಯ್ತು. ಅಂಗ್ಳದಲ್ಲಿ ಚಪ್ಪರ. ಅಜ್ಜಿ ಸೊಳ್ಳೆಪರದೆ ಕೋಲಿನ ಮಂಚ ಹಾಕುಸ್ಕಂಡು ಚಕ್ಕಳಮಕ್ಕಳ ಕೂತ್ಕಂತು. ಬೆಳಗಿಂದ ಒಂದು ಗುಟುಕು ಕಾಫಿ ಕುಡೀಲಿಲ್ಲ, ಕಾಲು ಚಾಚ್ಲಿಲ್ಲ. ಚಂದ್ರಕಲಾ ಎರಡು ಸಲ ಮಜ್ಜಿಗೆ ತಂದ್ಲು.

"ಕುಡಿ ಅಜ್ಜಿ. ಧ್ರುವ ನೋಡಾಕಾದ್ರೂ ಕಣ್ಣಿಗೆ ತ್ರಾಣ ಬ್ಯಾಡ್ವಾ?"

"ನೀನು ಕುಡ್ಯವ್ವ. ನಿನ್ ಮ್ಯಾಲೆ ನಂಗೇನೂ ಇಲ್ಲ. ನೀನು ಒಳ್ಳೇ ಹುಡ್ಗಿ, ಅದಕ್ಕೇ ಹೆದ್ರಿಕೆ."

ಅವಳು ಸೆರಗಲ್ಲಿ ಮುಖ ಒರಸ್ಕಂಡು ಹೋದ್ಲು. ನಾನು ಸೋದರಮಾವ, ನೋಡ್ಕಂಡು ಹೆಂಗೆ ಕೂರ್ಲಿ? ಭಾವನ ಹತ್ರ ಹೋಗಿ, "ಇವತ್ತು ಏನಾರಾ ಆಗ್ಬೇಕು ಭಾವ. ದಿನಾ ಏಳೂವರೆಗೆ ಕರೆಂಟು ತೆಗೀತಾರೆ. ಅದ್ರೊಳಗೆ ಆಗ್ಬೇಕು" ಅಂದೆ.

"ಆಕಾಶ ತಿಳಿಯಾಗೈತೆ. ಆರೂ ಮುಕ್ಕಾಲಿಗೆ ತ್ರಿಶಂಕು ನೆಟ್ಟಗೆ ನಿಂತಿರ್ತದೆ. ಸುಮ್ನಿರು" ಅಂದ ಭಾವ.

ಆರು ಗಂಟೆಗೆ ತೆಂಕ್ಲು ಗದ್ದೆಗೆ ಬೆಂಕಿ ಇಟ್ರು. ಅಲ್ಲಿ ಪದ್ಧತಿ ಸಾರ್ ಅದು, ಕಬ್ಬು ಕಡಿಯೋಕೆ ಮುಂಚೆ ತರಗು ಸುಡ್ತಾರೆ. ದಿನಾ ಹೊಗೆ ಆ ಕಡೆ ಹೋಗೋದು, ಅವತ್ತು ಗಾಳಿ ತಿರುಗಿ ಸೀದಾ ನಮ್ಮ ಕ್ವಾರ್ಟರ್ಸಿನ ಮೇಲೆ ಬಂತು. ಕರೀ ಬೂದಿ ಹೂವಿನಂಗೆ ಉದುರ್ತು. ಪಾಯಸಕ್ಕೂ ಬಿತ್ತು. ತೆಂಕ್ಲು ಆಕಾಶ ಅನ್ನೋದೇ ಕಾಣ್ದಂಗಾಯ್ತು.

ಅಜ್ಜಿ ತಲೆ ಎತ್ತಿ ನೋಡಿ, "ನನ್ ಮನೆ ಮದ್ವೆ ಅಂದ್ರೆ ಇದೇ" ಅಂತು. "ಶಿವನಂಜ, ಪೆಟ್ಟಿಗೆ ಕಟ್ಕ."

"ಅಜ್ಜೀ..." ಅಂದ ಶಿವನಂಜ. ಅವ್ನು ಚಂದ್ರಕಲಾನ ಕೈ ಬುಡ್ಲಿಲ್ಲ, ಅಷ್ಟು ಧೈರ್ಯ ಇತ್ತು. ಪೆಟ್ಟಿಗೆ ಕಟ್ಟಲ್ಲ ಅನ್ನೋಷ್ಟು ಇರ್ಲಿಲ್ಲ.

ಭಾವ ಓಡ್ಬಂದು ಗುಂಡಿ ಒತ್ತಿದ. "ಹೊಗೆ ಇದ್ರೂ ಹುಡುಕ್ತದೆ, ತಡ್ಕಳಿ." ಬೆರಳು ಆಕಾಶದಲ್ಲಿ ತಡಕಾಡ್ತು. ಚುಕ್ಕಿ ಇಲ್ಲ. ಕೆಳಕ್ಕೆ ಬಂತು. ಚಪ್ಪರದ ಜನ ಎಲ್ಲಾ ಬೂದಿ ಒದರ್ಕಂಡು ಓಡಾಡ್ತಾವ್ರೆ. ಬೆರಳು ಒಬ್ಬೊಬ್ರನ್ನೇ ದಾಟ್ಕಂಡು ಬಂತು. ಬೆಳಗಿಂದ ಒಂದು ಇಂಚು ಅಲ್ಲಾಡ್ದೆ ಇರೋದು ಆ ಅಂಗ್ಳದಲ್ಲಿ ಒಂದೇ.

ಟಿಂಗ್.

"ಭಾವ, ಒತ್ಬ್ಯಾಡ" ಅಂದೆ. ಗಾಬ್ರೀಲಿ ಅವ್ನು ಒತ್ತಿಯಾಗಿತ್ತು.

ಮಂಚ ನೆಲ ಬಿಟ್ಟು ನಾಕು ಬೆರಳು ಮ್ಯಾಲೆ ನಿಂತ್ತು. ಆಮೇಲೆ ಪಡುವ್ಲಿಗೆ ಹೊಂಟ್ತು. ಅಜ್ಜಿ ಚಕ್ಕಳಮಕ್ಕಳ ಹಂಗೇ, ದೇವ್ರು ಮೆರವಣಿಗೆ ಹೋದಂಗೆ. ಚಪ್ಪರದ ಒಂದು ಕಂಬ ಹೋಯ್ತು, ಬೇಲಿ ಹೋಯ್ತು.

"ಅಜ್ಜೀ, ಎಲ್ಲಿಗೆ ಹೋಯ್ತಾ ಇದ್ದೀಯೆ?" ಅಂತ ಕೂಗ್ದ ಶಿವನಂಜ.

"ನಾನೆಲ್ಲಿ ಹೋದ್ನೋ?" ಅಂತು ಅಜ್ಜಿ. "ಕೂತ ಕಡೆ ಕೂತಿವ್ನಿ. ನೀವೇ ಎಲ್ಲಾ ಹೊಂಟ್ರಲ್ಲಪ್ಪ."

ಓಡುದ್ವಿ ಸಾರ್. ಮುಂದೆ ಗಂಡು, ಹಿಂದೆ ಹೆಣ್ಣು, ಅವಳ ಹಿಂದೆ ನಾನು. ಆರ್ಸುದ್ರೆ ಮುದುಕಿ ಬಿದ್ದು ಸೊಂಟ ಮುರ್ಕತದೆ ಅಂತ ಭಾವ ಯಂತ್ರದ ಹತ್ರಾನೇ. ಚಂದ್ರಕಲಾ ಸೀರೆ ಎತ್ತಿ ಕಟ್ಕಂಡು, "ಮಾವ, ಸೋದರಮಾವ ಹೆಣ್ಣನ್ನ ಎತ್ಕಂಡು ಬರ್ಬೇಕು, ಶಾಸ್ತ್ರ" ಅಂದ್ಲು. "ಇವತ್ತಿಗೆ ನೀನೇ ನನ್ನ ಎತ್ಕಂಡು ಹೋಗವ್ವ" ಅಂದೆ. ನಂಗೆ ಉಬ್ಬುಸ ಬೇರೆ.

ಎರಡು ಫರ್ಲಾಂಗು ಹೋದ್ವಿ. ಅಲ್ಲಿಗೆ ಹೊಗೆ ಪಟ್ಟೆ ಮುಗೀತು. ಮ್ಯಾಲೆ ನೋಡುದ್ರೆ ಆಕಾಶ ತೊಳೆದಿಟ್ಟಂಗೈತೆ. ಮಂಚದ ಕೋಲು ಹಿಡ್ಕಂಡು ಮೂರೂ ಜನ ಹತ್ತಿ ಕೂತ್ವಿ.

ಹತ್ತಿದ್ದೇ ತಡ, ಎಲ್ಲಾ ನಿಶ್ಶಬ್ದ. ಒಂಚೂರು ಕುಲುಕಾಟ ಇಲ್ಲ. ಜೋಳದ ಹೊಲ, ಮರ, ಫ್ಯಾಕ್ಟ್ರಿ ದೀಪ, ಎಲ್ಲಾ ನಮ್ಮನ್ನ ಬುಟ್ಟು ಮೂಡ್ಲಿಗೆ ಹೋಗ್ತಾ ಅವೆ. ನಾವು ಮಾತ್ರ ಭೂಮಿ ಜೊತೆ ಸುತ್ದೆ ನಿಂತೀವಿ. ಅಜ್ಜಿ ಸೊಳ್ಳೆಪರದೆ ಕೋಲಿನ ತುದಿಗೆ ಒಂದು ಚುಕ್ಕಿ ಇಟ್ಕಂಡು ಒಂದೇ ಕಣ್ಣಲ್ಲಿ ನೋಡ್ತಿತ್ತು.

"ಊರಲ್ಲಿ ಮೇಟಿಕಂಬದ ತುದೀಗೆ ಚುಕ್ಕಿ ಇಟ್ಟು ನೋಡ್ತಿದ್ದೆ" ಅಂತು. "ಒಂದು ಎಲೆ ಅಡ್ಕೆ ಹಾಕೋದ್ರೊಳಗೆ ಜರುಗ್ಬುಡವು. ಒಬ್ನೇ ಒಬ್ಬ ಜರುಗ್ತಿರ್ಲಿಲ್ಲ, ಧ್ರುವ." ಇನ್ನೊಂದು ಚುಕ್ಕಿ ಇಟ್ಟು ನೋಡ್ತು. ಮತ್ತೊಂದು. ತ್ರಿಶಂಕು ನಾಕು ಚುಕ್ಕಿನೂ ಒಂದೊಂದಾಗಿ ಇಟ್ಟು ನೋಡ್ತು.

"ಮಗಾ, ಯಾವ್ದೂ ಜರುಗ್ತಾ ಇಲ್ವಲ್ಲೋ."

ಶಿವನಂಜ ನೋಡ್ದ. "ಇಲ್ಲ ಕಣಜ್ಜಿ. ಎಲ್ಲಾ ನಿಂತವೆ."

"ನಮ್ಮೂರಲ್ಲಿ ನಿಲ್ಲೋದು ಒಂದು. ಇಲ್ಲಿ ಅಷ್ಟೂ ಧ್ರುವಾನೇ." ಅಜ್ಜಿ ಚಂದ್ರಕಲಾ ಗಲ್ಲ ಹಿಡಿದು ಮ್ಯಾಲಕ್ಕೆ ಎತ್ತುತು. "ನೋಡವ್ವ. ಯಾವ್ದು ಬೇಕೋ ಅದನ್ನ ನೋಡು. ಅನ್ಕಬ್ಯಾಡ. ನೋಡು."

ಚಂದ್ರಕಲಾ ನೋಡುದ್ಲು. ಶಿವನಂಜನೂ ನೋಡ್ದ. ನಾನು ಕಣ್ಣಿಗೆ ಬೂದಿ ಬಿದ್ದಿತ್ತು ಅಂತ ಆ ಕಡೆ ತಿರುಕ್ಕಂಡೆ.

ಅಷ್ಟೊತ್ತಿಗೆ ಏಳೂವರೆ ಆಯ್ತು. ಕರೆಂಟು ಹೋಯ್ತು. ಮಂಚ ದಡ್ ಅಂತ ಇಳೀತು, ನೋಡುದ್ರೆ ಯಾರದೋ ಅಂಗ್ಳ. ಚೂಂಗೊ ಅಂತ, ನಮ್ಮ ಫ್ಯಾಕ್ಟ್ರೀಲಿ ಕ್ರೇನ್ ಓಡ್ಸೋನು, ಅವನ ಮನೆ. ಗಂಡ ಹೆಂಡ್ತಿ ಮಕ್ಳು ಉಣ್ತಾ ಕೂತಿದ್ರು. ಕತ್ಲೇಲಿ ಗಾಳೀಲಿ ತೇಲ್ಕಂಡು ಬಂದ ಮಂಚ, ಮಂಚದ ಮೇಲೆ ಮುದುಕಿ, ಮದ್ವೆ ಗಂಡು ಹೆಣ್ಣು, ನಾನು. ಚೂಂಗೊ ಒಳ್ಳೇ ಮನ್ಷ, ಏನೂ ಕೇಳ್ಲಿಲ್ಲ. ಎದ್ದು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿ ನಮಸ್ಕಾರ ಹೇಳಿ, ಕೈ ತೊಳ್ಯಾಕೆ ನೀರು ಕೊಟ್ಟ. ಆಮೇಲೆ ತಟ್ಟೇಲಿ ನ್ಶಿಮಾ ಇಟ್ಟ. ಮುಸುಕಿನ ಜೋಳದ ಹಿಟ್ಟಿಂದು ಸಾರ್, ಬಿಳೀ ಮುದ್ದೆ ಅನ್ಕಳಿ.

ಗಂಡು ಹೆಣ್ಣು ಒಂದೇ ತಟ್ಟೇಲಿ ಉಂಡ್ರು. ಅಜ್ಜಿ ಎರಡು ಮುದ್ದೆ ನುಂಗಿ, ಬಾಯಿ ಒರಸ್ಕಂಡು, "ರಾಗಿ ಆಗಿದ್ರೆ ಇನ್ನೂ ಚೆಂದಾಗಿರೋದು" ಅಂತು. ಸೋಮವಾರ ಒಬ್ಳೇ ವಿಮಾನ ಹತ್ತುತು. ರಾಗಿ ಹಿಟ್ಟಿನ ಚೀಲ ಚೂಂಗೊ ಹೆಂಡ್ತಿಗೆ ಕೊಟ್ಟೋಗಿತ್ತು.

ಆದ್ರೆ ಒಂದು ಮರ್ತಿದ್ವಿ. ಕರೆಂಟು ಹೋದೇಟ್ಗೆ ಭಾವ ಎರಡೂ ಗುಂಡಿ ಆರುಸ್ದೆ ನಮ್ಮನ್ನ ಹುಡುಕ್ಕಂಡು ಓಡಿ ಬಂದಿದ್ದ, ನೆಂಟ್ರೆಲ್ಲಾ ಅವನ ಹಿಂದೆ. ಕರೆಂಟು ವಾಪಸ್ ಬಂದಾಗ ಮದ್ವೆ ಮನೇಲಿ ಒಬ್ರೂ ಇಲ್ಲ, ಅಲ್ಲಾ‍ಡೋದು ಒಂದೂ ಇಲ್ಲ. ಬೆರಳು ಮನೇನೇ ಹಿಡ್ಕಂಬುಡ್ತು. ಅಕ್ಕ ಓಡ್ಬಂದು ವೈರು ಕೀಳೋದ್ರೊಳಗೆ ಆ ಕ್ವಾರ್ಟರ್ಸು ಸಾಲಿಂದ ಮೂರಡಿ ಪಡುವ್ಲಿಗೆ ಹೋಗಿತ್ತು. ಇವತ್ತಿಗೂ ಹಂಗೇ ಐತೆ, ಯಾರ್ ಬೇಕಾರೂ ಹೋಗಿ ನೋಡ್ಬೋದು. ಫ್ಯಾಕ್ಟ್ರಿಯೋರು ಯಾಕಿಂಗಾಯ್ತು ಅಂತ ಬರ್ದು ಕೇಳುದ್ರು. ಭಾವ ಒಂದೇ ಸಾಲು ಉತ್ರ ಬರ್ದ: 'ನಮ್ಮ ಮನೆ ಸರಿಯಾಗಿಯೇ ಇದೆ, ಮಿಕ್ಕ ಹದಿನೇಳು ಮನೆಗಳು ಮುಂದಕ್ಕೆ ಹೋಗಿವೆ, ದಯವಿಟ್ಟು ಅವುಗಳನ್ನು ವಿಚಾರಿಸಿ.'

ಓ, ಶ್ರೀರಂಗಪಟ್ಣ ದಾಟ್ತು ನೋಡಿ. ಹೊಳೆ, ಸೇತುವೆ, ಗುಡಿ, ಎಲ್ಲಾ ಹಿಂದ್ಹಿಂದಕ್ಕೆ ಹೋಯ್ತಾವೆ. ಮದ್ದೂರಿಂದ ಇಲ್ಲೀಗಂಟ ಈ ಬೋಗೀಲಿ ಒಂದು ಚೂರೂ ಅಲ್ಲಾಡ್ದೆ ಕೂತಿರೋದು ಒಂದೇ ಒಂದು, ನಿಮ್ಮ ವಡೆ ಪೊಟ್ಣ. ಭಾವನ ಬೆರಳಿದ್ದಿದ್ರೆ ಇಷ್ಟೊತ್ತಿಗೆ ಟಿಂಗ್ ಅಂದಿರೋದು. ಒಂದ್ಸಲ ಹಿಡ್ಕಂಡ್ರೆ ಆರು ಜನ ಎಳುದ್ರೂ ಬರಾಕಿಲ್ಲ, ನಿಮ್ಗೂ ಇಲ್ಲ ನಂಗೂ ಇಲ್ಲ. ಅದಕ್ಕೇ ಹೇಳ್ತೀನಿ, ಟೈಮಿರೋವಾಗ್ಲೇ ಒಂದೆರಡು ಈ ಕಡೆ ಜರುಗ್ಸಿ. ನಾನು ಕೂತಿರೋದೂ ಪಡುವ್ಲಿಗೇನೇ.